ವಿದ್ಯಾಧರೆ ಮಾಡಿದ ತಪ್ಪೇನು?

ಹೊಗೆಸೊಪ್ಪಿನ ಹರಾಜು ಮುಗಿದು, ಸಾಲಗೀಲ ತೀರಿಸಿ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಸಾಕು, ನಮ್ಮ ಕಂಪಲಾಪುರದ ಸುತ್ತುಮುತ್ತ ನಾಟಕದ ಗಾಳಿ ಬೀಸತೊಡಗುತ್ತದೆ. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ಕಡೆಯ ಹಳ್ಳಿಗೆ ಹೋದರೂ ಇದೇ ಪಾಡು. ಹಗಲೆಲ್ಲ ಹೊಲ ಗದ್ದೆ ಎಂದು ಓಡಾಡಿದ ಗಂಡಸರು ಸಂಜೆಯಾದೊಡನೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೈ ಕಟ್ಟಿ ನಿಲ್ಲುತ್ತಾರೆ. ಮನೆಯಲ್ಲಿ ಒಂದು ಲೋಟ ನೀರು ತಾನಾಗಿ ತಗೊಂಡು ಕುಡಿಯದವರು ಅಲ್ಲಿ ಮೇಷ್ಟ್ರು ಬೈದರೂ ಬಾಯಿ ಬಿಡುವುದಿಲ್ಲ! ಬಾಡಿಗೆಗೆ ಸೀನು ಬರುತ್ತದೆ, ಕಿರೀಟ ಬರುತ್ತದೆ, ಹೆಣ್ಣು ಪಾತ್ರಕ್ಕೆ ಪರ ಊರಿನಿಂದ ಕಲಾವಿದೆಯರು ಬರುತ್ತಾರೆ. ನಾವು ಹೆಂಗಸರು ಬೇಗ ಬೇಗ ಮುದ್ದೆ ಸಾರು ಮುಗಿಸಿ, ಚಾಪೆ ಕಂಬಳಿ ಕಂಕುಳಲ್ಲಿಟ್ಟುಕೊಂಡು, ಮಕ್ಕಳಿಗೆ ಒಂದಿಷ್ಟು ಪುರಿ ಖಾರ ಕಟ್ಟಿಕೊಂಡು ಹೊರಟೆವೆಂದರೆ ಬೆಳಗಿನ ಕೋಳಿ ಕೂಗುವ ತನಕ ಅಲ್ಲೇ ಠಿಕಾಣಿ.

ಗದೆ ತಿರುಗಿಸುವ ಕುರುಕ್ಷೇತ್ರ, ರಾಜಸೂಯಯಾಗಗಳಿಗೇ ಎಂದಿಗೂ ಪಟ್ಟ. ಆದರೆ ನಡುನಡುವೆ ನಗುವಿನ ನಾಟಕಗಳೂ ಬೀಳುತ್ತವೆ. ಅದರಲ್ಲೂ ಚರಿತ್ರೆಯ ದೊಡ್ಡವರನ್ನು ತಂದು ನಗಿಸುವ ನಾಟಕವಾದರೆ ಹೆಂಗಸರ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಕೃಷ್ಣದೇವರಾಯನನ್ನೇ ಪೇಚಿಗೆ ಸಿಕ್ಕಿಸುವ ತೆನಾಲಿ ರಾಮಕೃಷ್ಣ ಒಬ್ಬ. ಇನ್ನೊಬ್ಬ, ನಮ್ಮೆಲ್ಲರ ಅಚ್ಚುಮೆಚ್ಚಿನ ಕವಿರತ್ನ ಕಾಳಿದಾಸ.

ಕಾಳಿದಾಸನ ಕಥೆ ಗೊತ್ತಿಲ್ಲದ ಮನೆ ಕನ್ನಡ ನಾಡಿನಲ್ಲಿ ಇದೆಯೇ? 1955ರಲ್ಲಿ ಹೊನ್ನಪ್ಪ ಭಾಗವತರು ‘ಮಹಾಕವಿ ಕಾಳಿದಾಸ’ ಚಿತ್ರ ಮಾಡಿದರು. ಬಿ. ಸರೋಜಾದೇವಿಯವರು ಮೊದಲ ಬಾರಿಗೆ ತೆರೆಯ ಮೇಲೆ ಬಂದದ್ದು ಆ ಚಿತ್ರದಲ್ಲೇ. ಆಮೇಲೆ 1983ರಲ್ಲಿ ರೇಣುಕಾ ಶರ್ಮರ ನಿರ್ದೇಶನದಲ್ಲಿ ರಾಜಕುಮಾರ್ ಮತ್ತು ಜಯಪ್ರದಾ ಅವರ ‘ಕವಿರತ್ನ ಕಾಳಿದಾಸ’ ಬಂತು. ಅದನ್ನು ಟೂರಿಂಗ್ ಟಾಕೀಸಿನಲ್ಲಿ ನೋಡಿದವರು, ಟಿ.ವಿ.ಯಲ್ಲಿ ನೋಡಿದವರು, ಮೊಮ್ಮಕ್ಕಳ ಜೊತೆ ಮತ್ತೆ ಕೂತು ನೋಡಿದವರು ನಮ್ಮ ಓದುಗರಲ್ಲೇ ಎಷ್ಟೋ ಮಂದಿ.

ಆದರೂ ಕಥೆಯನ್ನು ಇನ್ನೊಮ್ಮೆ ಹೇಳುತ್ತೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಒಬ್ಬ ರಾಜಕುಮಾರಿ, ಹೆಸರು ವಿದ್ಯಾಧರೆ. ಹೆಸರಿಗೆ ತಕ್ಕಂತೆ ಸಕಲ ವಿದ್ಯೆ ಕಲಿತವಳು. ವಿದ್ಯೆಯಲ್ಲಿ ನನ್ನನ್ನು ಗೆದ್ದವನನ್ನೇ ಮದುವೆಯಾಗುತ್ತೇನೆ ಎಂದು ಹಟ ಹಿಡಿದಳು. ಮಂತ್ರಿಗೆ ತನ್ನ ಮಗನಿಗೆ ಅವಳನ್ನು ತರುವ ಆಸೆ. ಅವಳು ಒಪ್ಪಲಿಲ್ಲ. ‘ಇವಳ ಸೊಕ್ಕು ಮುರೀತೀನಿ’ ಎಂದು ಮಂತ್ರಿ ಹುಡುಕುತ್ತಾ ಹೊರಟಾಗ ಸಿಕ್ಕಿದವನು ನಮ್ಮ ಕುರಿಗಾಹಿ. ಕೂತ ಕೊಂಬೆಯ ಬುಡವನ್ನೇ ಕಡಿಯುತ್ತಿದ್ದ ಪುಣ್ಯಾತ್ಮ! ಅವನಿಗೆ ಪಟ್ಟೆ ಪೀತಾಂಬರ ಉಡಿಸಿ, ‘ಬಾಯಿ ಬಿಟ್ಟೀಯೆ ಜೋಕೆ’ ಎಂದು ಹೆದರಿಸಿ, ಮೌನವ್ರತದ ಮಹಾಪಂಡಿತರು ಎಂದು ಆಸ್ಥಾನಕ್ಕೆ ಕರೆತಂದರು.

ಆಮೇಲಿನದು ತಾನೆ ಮಜಾ! ರಾಜಕುಮಾರಿ ಒಂದು ಬೆರಳು ತೋರಿಸಿದಳು, ದೈವವೊಂದೇ ಎನ್ನುವ ಅರ್ಥದಲ್ಲಿ. ‘ಎಲಾ ಇವಳ, ನನ್ನ ಒಂದು ಕಣ್ಣು ತಿವೀತೀನಿ ಅಂತಾಳೆ!’ ಎಂದುಕೊಂಡ ಕುರಿಗಾಹಿ ಎರಡು ಬೆರಳು ಚಾಚಿದ, ಎರಡೂ ಕಣ್ಣು ತಿವಿದೇನು ಅಂತ. ಅಹಾ, ಜೀವಾತ್ಮ ಪರಮಾತ್ಮ ಎರಡು ಎನ್ನುತ್ತಿದ್ದಾರೆ ಎಂದು ಪಂಡಿತರು ತಲೆದೂಗಿದರು. ಅವಳು ಐದು ಬೆರಳು ತೋರಿಸಿದರೆ ಇವನು ಕೆನ್ನೆಗೆ ಬಾರಿಸುತ್ತಾಳೆಂದು ತಿಳಿದು ಮುಷ್ಟಿ ಬಿಗಿದ. ಪಂಚೇಂದ್ರಿಯಗಳನ್ನು ಬಿಗಿಹಿಡಿ ಎಂದದ್ದಾಯಿತು! ಅಲ್ಲಿಗೆ ರಾಜಕುಮಾರಿ ಸೋತಳು, ಮದುವೆ ನಡೆಯಿತು. ರಾತ್ರಿ ಬಾಯಿ ಬಿಟ್ಟಾಗ ಬಣ್ಣ ಬಯಲಾಯಿತು. ಆಮೇಲೆ ಕಾಳಿಯ ಅನುಗ್ರಹ, ನಾಲಗೆಯ ಮೇಲೆ ಬೀಜಾಕ್ಷರ, ಭೋಜರಾಜನ ಆಸ್ಥಾನ, ಉಳಿದದ್ದೆಲ್ಲ ನಿಮಗೆ ಗೊತ್ತು.

ಹೋದ ಬೇಸಿಗೆಯಲ್ಲಿ ನಮ್ಮ ಹತ್ತಿರದ ಹಳ್ಳಿಯೊಂದರಲ್ಲಿ ಇದೇ ನಾಟಕ. ಬೆರಳಿನ ಸೀನು ಬಂದಾಗ ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡೆವು. ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕಣ್ಣೀರು ಒರೆಸಿಕೊಳ್ಳುತ್ತಾ, ‘ಸರಿಯಾಗ್ ಆಯ್ತು ಕಣವ್ವ, ಓದಿವ್ನಿ ಅಂತ ಮೆರೆಯೋರ್ಗೆ ಹಿಂಗೇ ಆಗ್ಬೇಕು’ ಅಂದರು. ಅವರ ಮೊಮ್ಮಗಳು ಅಲ್ಲೇ ಕೂತಿದ್ದಳು. ಹುಣಸೂರಿಗೆ ಬಸ್ಸಿನಲ್ಲಿ ಹೋಗಿಬಂದು ಡಿಗ್ರಿ ಓದುವ ಹುಡುಗಿ. ಅವಳು ಸುಮ್ಮನೆ ಕೇಳಿದಳು: ‘ಅಲ್ಲಜ್ಜಿ, ಆ ಹುಡುಗಿ ಮಾಡಿದ್ ತಪ್ಪೇನು?’

ಅಜ್ಜಿ, ‘ಸುಮ್ಕಿರು, ಮುಂದಿನ್ ಸೀನ್ ನೋಡು’ ಅಂದರು. ನಾಟಕ ಮುಂದೆ ಹೋಯಿತು. ನನ್ನ ತಲೆ ಮಾತ್ರ ಅಲ್ಲೇ ನಿಂತಿತು.

ನೀವೇ ಹೇಳಿ, ಏನು ತಪ್ಪು ಮಾಡಿದಳು ವಿದ್ಯಾಧರೆ? ಕಳ್ಳತನ ಮಾಡಿದಳೇ? ಯಾರಿಗಾದರೂ ಮೋಸ ಮಾಡಿದಳೇ? ತಾನು ಓದಿದ್ದೇನೆ, ತನಗೆ ಸರಿಸಮನಾದ ಗಂಡು ಬೇಕು ಅಂದಳು. ಅಷ್ಟೇ ತಾನೆ! ಅದಕ್ಕೆ ಮಂತ್ರಿ, ಪಂಡಿತರು ಎಲ್ಲ ಸೇರಿ ಸುಳ್ಳು ಹೇಳಿ ಅವಳ ಕುತ್ತಿಗೆಗೆ ತಾಳಿ ಬೀಳಿಸಿದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಗಾದೆ ನಮ್ಮಲ್ಲಿದೆಯಲ್ಲ, ಇದು ಅದೇ. ಆ ಕುರಿಗಾಹಿಯದೂ ತಪ್ಪಿಲ್ಲ ಬಿಡಿ, ಪಾಪ. ಅವನನ್ನೂ ಹೆದರಿಸಿ ಎಳೆತಂದವರು ಅವರೇ. ಕೊನೆಗೆ ಅವನಿಗಾದರೂ ಕಾಳಿ ಒಲಿದಳು. ವಿದ್ಯಾಧರೆಗೆ ಏನು ಸಿಕ್ಕಿತು? ಈ ಕಥೆಯನ್ನು ಹೇಳುವ ಕೆಲವರ ಬಾಯಲ್ಲಿ ಅದು ಇನ್ನೂ ಘೋರ: ವಿದ್ವಾಂಸನಾಗಿ ಬಂದ ಗಂಡ ‘ನೀನು ನನಗೆ ಗುರು, ತಾಯಿಗೆ ಸಮಾನ’ ಎಂದು ಕೈಮುಗಿದು ಹೊರಟೇಬಿಡುತ್ತಾನಂತೆ! ಮೋಸ ಹೋದವಳೂ ಅವಳೇ, ಗಂಡನನ್ನು ಕಳೆದುಕೊಂಡವಳೂ ಅವಳೇ. ನಗೆಪಾಟಲಿಗೆ ಗುರಿಯಾದವಳೂ ಅವಳೇ.

‘ಅಯ್ಯೋ, ನಾಟಕ ಅಲ್ವೇನ್ರೀ, ನಕ್ಕು ಬಿಡಬೇಕಪ್ಪ’ ಎನ್ನುತ್ತೀರಾ? ನಾಟಕವೇ ಸರಿ. ಆದರೆ ಆ ಅಜ್ಜಿಯ ಮನೆಯಲ್ಲಿ ಆ ಹೊತ್ತಿಗೆ ನಡೆಯುತ್ತಿದ್ದ ಮಾತೇನು ಗೊತ್ತೇ? ‘ಇನ್ನೂ ಓದಿಸಿದರೆ ಇವಳಿಗಿಂತ ಹೆಚ್ಚು ಓದಿದ ಗಂಡನ್ನು ಎಲ್ಲಿಂದ ತರೋದು? ಸಾಕು, ಬಿಡಿಸಿಬಿಡೋಣ’ ಅಂತ. ಈ ಮಾತು ಅವರ ಮನೆಯದೊಂದೇ ಅಲ್ಲ, ನಿಮ್ಮ ನೆರೆಯಲ್ಲೂ ಕೇಳಿರುತ್ತೀರಿ. ಹೀಗಿರುವಾಗ ಊರೆಲ್ಲ ಸೇರಿ ಓದಿದ ಹುಡುಗಿಯನ್ನು ನೋಡಿ ಕೈತಟ್ಟಿ ನಕ್ಕರೆ, ಆ ನಗು ಮನೆಯವರೆಗೂ ಬರುತ್ತದೆ. ಮಾರನೆಯ ದಿನ ಅಪ್ಪನ ಬಾಯಲ್ಲಿ ಅದೇ ಮಾತಾಗುತ್ತದೆ.

ಇರಲಿ, ಈ ಕಥೆ ನಿಜವೇ ಎಂದು ನೋಡೋಣ. ಕಾಳಿದಾಸ ತನ್ನ ಕಾವ್ಯ ನಾಟಕಗಳಲ್ಲಿ ತನ್ನ ಮನೆಮಾರಿನ ವಿಷಯ ಹೇಳಿಕೊಂಡವನೇ ಅಲ್ಲ. ಕುರಿ, ಕೊಂಬೆ, ಬೆರಳು ಇವೆಲ್ಲ ಜನ ಆಮೇಲೆ ಕಟ್ಟಿದ ಕಥೆಗಳು. ಅವನು ಗುಪ್ತರ ಕಾಲದವನು, ಎಂದರೆ ಕ್ರಿ.ಶ. 4-5ನೇ ಶತಮಾನದವನು ಎಂದು ವಿದ್ವಾಂಸರಲ್ಲಿ ಬಹುಮಂದಿ ಹೇಳುತ್ತಾರೆ. ಅವನ ಕೀರ್ತಿ ಎಷ್ಟು ಬೇಗ ಹಬ್ಬಿತ್ತು ಎನ್ನುವುದಕ್ಕೆ ನಮ್ಮ ಕರ್ನಾಟಕದಲ್ಲೇ ಸಾಕ್ಷಿ ಇದೆ. ಐಹೊಳೆಗೆ ಹೋದರೆ ಗುಡ್ಡದ ಮೇಲಿನ ಮೇಗುತಿ ಬಸದಿಯ ಗೋಡೆಯ ಶಾಸನವನ್ನು ತಪ್ಪದೆ ನೋಡಿ. ಇಮ್ಮಡಿ ಪುಲಕೇಶಿಯನ್ನು ಹೊಗಳಿ ಕ್ರಿ.ಶ. 634ರಲ್ಲಿ ಅದನ್ನು ಬರೆದ ರವಿಕೀರ್ತಿ, ತಾನು ಕಾಳಿದಾಸ ಭಾರವಿಗಳಿಗೆ ಸಮನಾದ ಕೀರ್ತಿ ಪಡೆದವನು ಎಂದು ಹೇಳಿಕೊಂಡಿದ್ದಾನೆ.

ಇನ್ನು ಭೋಜರಾಜ? ಧಾರಾನಗರದ ಆ ದೊರೆ ಆಳಿದ್ದು 11ನೇ ಶತಮಾನದಲ್ಲಿ. ಅವನ ಆಸ್ಥಾನಕ್ಕೆ ಬರಬೇಕಾದರೆ ಕಾಳಿದಾಸನಿಗೆ ಆರುನೂರು ವರ್ಷ ವಯಸ್ಸಾಗಿರಬೇಕು! ಇಬ್ಬರನ್ನೂ ಒಂದೇ ಸಭೆಯಲ್ಲಿ ಕೂರಿಸಿ ಸ್ವಾರಸ್ಯದ ಕಥೆಗಳನ್ನು ಹೆಣೆದ ‘ಭೋಜಪ್ರಬಂಧ’ವನ್ನು ಬಲ್ಲಾಳನೆಂಬುವನು ಬರೆದದ್ದು 16ನೇ ಶತಮಾನದ ಹೊತ್ತಿಗೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಕಥೆ ಕಟ್ಟುವವರಿಗೆ ಅಷ್ಟು ಸ್ವಾತಂತ್ರ್ಯ ಬೇಡವೇ? ಆದರೆ ಕಟ್ಟಿದ ಕಥೆ ಅಂದಮೇಲೆ, ಬೇಕಾದರೆ ಬೇರೆ ತರಹವೂ ಕಟ್ಟಬಹುದು ಅಂತಾಯಿತಲ್ಲ!

ಬೇರೆ ತರಹ ಕಟ್ಟಿದವನು ಯಾರು ಗೊತ್ತೇ? ಸಾಕ್ಷಾತ್ ಕಾಳಿದಾಸನೇ!

ಶಾಕುಂತಲದ ಹೆಸರು ಎಲ್ಲರೂ ಕೇಳಿದ್ದೇವೆ. ಅದನ್ನು ಕನ್ನಡಕ್ಕೆ ತಂದ ನಮ್ಮ ಮೈಸೂರಿನ ಬಸವಪ್ಪ ಶಾಸ್ತ್ರಿಗಳಿಗೆ (1843-1891) ‘ಅಭಿನವ ಕಾಳಿದಾಸ’ ಎಂದೇ ಬಿರುದಿತ್ತು. ಆದರೆ ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ ಎಂಬ ಇನ್ನೊಂದು ನಾಟಕದ ಹೆಸರು ನಮ್ಮ ಹಳ್ಳಿಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅದು ಪುರಾಣವಲ್ಲ, ಚರಿತ್ರೆ. ನಾಯಕ ಅಗ್ನಿಮಿತ್ರ ಶುಂಗವಂಶದ ದೊರೆ. ಅವನ ಅಪ್ಪ ಪುಷ್ಯಮಿತ್ರ ಕೊನೆಯ ಮೌರ್ಯ ಅರಸನನ್ನು ಕೊಂದು ರಾಜ್ಯ ಕಟ್ಟಿದವನು. ಇದೆಲ್ಲ ಕ್ರಿಸ್ತನಿಗೂ ಮುಂಚೆ 2ನೇ ಶತಮಾನದ ಮಾತು. ತನಗಿಂತ ಐದಾರುನೂರು ವರ್ಷ ಹಿಂದಿನ ರಾಜನನ್ನು ತಂದು ಕಾಳಿದಾಸ ರಂಗದ ಮೇಲೆ ಚೆನ್ನಾಗಿ ಆಟ ಆಡಿಸಿದ್ದಾನೆ, ನೋಡಿ!

ದೊಡ್ಡರಾಣಿ ಧಾರಿಣಿಯ ಪರಿವಾರದಲ್ಲಿ ಮಾಲವಿಕೆ ಎಂಬ ಹುಡುಗಿ. ಅವಳ ಚಿತ್ರ ನೋಡಿದ ರಾಜನಿಗೆ ಅವಳನ್ನು ಕಾಣುವ ಆಸೆ. ರಾಣಿ ಬಿಟ್ಟಾಳೆಯೇ? ಹುಡುಗಿಯನ್ನು ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದಾಳೆ. ಆಗ ವಿದೂಷಕ ಗೌತಮ ನಾಟ್ಯ ಕಲಿಸುವ ಇಬ್ಬರು ಮೇಷ್ಟ್ರಿಗೆ ಜಗಳ ಹಚ್ಚುತ್ತಾನೆ, ನೀನು ಹೆಚ್ಚೋ ನಾನು ಹೆಚ್ಚೋ ಎಂದು. ಸರಿ, ಶಿಷ್ಯೆಯರನ್ನು ಕುಣಿಸಿ ನೋಡೋಣ ಎಂದು ತೀರ್ಮಾನವಾಗುತ್ತದೆ. ಒಬ್ಬ ಗುರುವಿನ ಶಿಷ್ಯೆ ಈ ಮಾಲವಿಕೆಯೇ! ಅವಳ ನೃತ್ಯ ಮುಗಿದು ಇನ್ನೊಬ್ಬರ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ‘ಊಟದ ಹೊತ್ತಾಯ್ತು’ ಎಂದು ವಿದೂಷಕ ಸ್ಪರ್ಧೆಗೇ ಮಂಗಳ ಹಾಡುತ್ತಾನೆ. ಅವನ ಹೊಟ್ಟೆಪಾಡೇ ಒಂದು ನಾಟಕ!

ಇಷ್ಟಕ್ಕೇ ಮುಗಿಯಲಿಲ್ಲ. ಇದೇ ಗೌತಮನ ಎಡವಟ್ಟಿನಿಂದ ದೊಡ್ಡರಾಣಿ ಉಯ್ಯಾಲೆಯಿಂದ ಬಿದ್ದು ಕಾಲು ನೋಯಿಸಿಕೊಳ್ಳುತ್ತಾಳೆ. ಚಿಕ್ಕರಾಣಿ ಇರಾವತಿ ಮಧು ಕುಡಿದ ಅಮಲಿನಲ್ಲಿ ತೋಟಕ್ಕೆ ಬಂದರೆ ಮಹಾರಾಜರು ಮಾಲವಿಕೆಯ ಹತ್ತಿರ ಸರಸವಾಡುತ್ತಾ ಸಿಕ್ಕಿಬೀಳುತ್ತಾರೆ. ಅವಳು ಸೊಂಟದ ಡಾಬನ್ನೇ ಎತ್ತಿಕೊಂಡು ರಾಜನನ್ನು ಹೊಡೆಯಲು ಹೋಗುತ್ತಾಳೆ! ಮಾಲವಿಕೆಯನ್ನು ಕೋಣೆಯಲ್ಲಿ ಕೂಡಿ ಹಾಕಿದಾಗ, ಹಾವಿನ ಮುದ್ರೆಯ ರಾಣಿಯ ಉಂಗುರ ತೋರಿಸಿದರೆ ಮಾತ್ರ ಬಿಡುಗಡೆ ಎಂದು ಅಪ್ಪಣೆಯಾಗುತ್ತದೆ. ಗೌತಮ ಕೇದಗೆಯ ಮುಳ್ಳಿನಿಂದ ಬೆರಳು ಚುಚ್ಚಿಕೊಂಡು ‘ಅಯ್ಯಯ್ಯೋ ಹಾವು ಕಚ್ಚಿತು!’ ಎಂದು ಬಿದ್ದು ಹೊರಳಾಡುತ್ತಾನೆ. ವಿಷ ಇಳಿಸಲು ಹಾವಿನ ಗುರುತಿರುವ ವಸ್ತು ಬೇಕಂತೆ. ಪಾಪ, ರಾಣಿ ಗಾಬರಿಯಿಂದ ಉಂಗುರ ಬಿಚ್ಚಿ ಕೊಡುತ್ತಾಳೆ. ಕೆಲಸ ಆಯಿತಲ್ಲ! ಆಮೇಲೆ ಅದೇ ಗೌತಮ ನಿದ್ದೆಗಣ್ಣಿನಲ್ಲಿ ಗುಟ್ಟು ಒದರಿಬಿಡುತ್ತಾನೆ. ದಾಸಿಯೊಬ್ಬಳು ಅವನ ಮೈಮೇಲೆ ಡೊಂಕು ಕೋಲು ಬೀಳಿಸಿದರೆ ‘ಹಾವು, ಹಾವು!’ ಎಂದು ನಿಜವಾಗಿಯೇ ಕಿರುಚಿಕೊಳ್ಳುತ್ತಾನೆ. ಇದನ್ನು ನಮ್ಮ ಊರಿನ ಹಾಸ್ಯಪಾತ್ರದ ಹುಡುಗರ ಕೈಗೆ ಕೊಟ್ಟರೆ ಬೆಳಗಿನ ಜಾವದಲ್ಲೂ ಒಬ್ಬರೂ ತೂಕಡಿಸಲಿಕ್ಕಿಲ್ಲ.

ನನ್ನ ಮನಸ್ಸಿಗೆ ಹಿಡಿದದ್ದು ಇನ್ನೊಂದು ಸಂಗತಿ. ಆ ಇಬ್ಬರು ಮೇಷ್ಟ್ರ ಜಗಳಕ್ಕೆ ತೀರ್ಪು ಹೇಳುವವರು ಯಾರು? ಸಭೆಯ ಪಂಡಿತರಲ್ಲ. ಕೌಶಿಕಿ ಎಂಬ ಸಂನ್ಯಾಸಿನಿ! ಅವಳನ್ನು ಎಲ್ಲರೂ ‘ಪಂಡಿತೆ’ ಎಂದೇ ಗೌರವಿಸುತ್ತಾರೆ. ರಾಜನೂ ಒಪ್ಪುತ್ತಾನೆ, ರಾಣಿಯೂ ಒಪ್ಪುತ್ತಾಳೆ, ಜಗಳವಾಡುವ ಗುರುಗಳೂ ಒಪ್ಪುತ್ತಾರೆ. ಹಳೆಯ ಸಂಸ್ಕೃತ ನಾಟಕಗಳಲ್ಲಿ ರಾಜರು, ಪಂಡಿತರು ಸಂಸ್ಕೃತ ಆಡಿದರೆ ರಾಣಿಯರು, ದಾಸಿಯರು, ಕೊನೆಗೆ ವಿದೂಷಕನೂ ಪ್ರಾಕೃತ ಆಡುವುದು ವಾಡಿಕೆ. ಈ ನಾಟಕದಲ್ಲಿ ಕೌಶಿಕಿ ಮಾತ್ರ ಹೆಣ್ಣಾದರೂ ರಾಜನ ಸರಿಸಮಕ್ಕೆ ಸಂಸ್ಕೃತದಲ್ಲೇ ಮಾತಾಡುತ್ತಾಳೆ. ಕಾಳಿದಾಸನ ಹೆಸರಿನಲ್ಲಿ ಜನ ಕಟ್ಟಿದ ಕಥೆಯಲ್ಲಿ ಓದಿದ ಹೆಣ್ಣು ಸೋತು ಅಳುತ್ತಾಳೆ. ಕಾಳಿದಾಸನೇ ಬರೆದ ನಗೆನಾಟಕದಲ್ಲಿ ಓದಿದ ಹೆಣ್ಣು ನ್ಯಾಯ ಹೇಳುವ ಪೀಠದಲ್ಲಿ ಕೂರುತ್ತಾಳೆ. ಅಲ್ಲಿ ನಗೆಗೆ ಈಡಾಗುವವನು ಕಳ್ಳಬೆಕ್ಕಿನ ಹಾಗೆ ಹೆಂಡತಿಗೆ ಸಿಕ್ಕಿಬೀಳುವ ಮಹಾರಾಜ!

ಹಾಗೆಂದು ಎಲ್ಲವೂ ಬೆಲ್ಲ ಅಂತಲ್ಲ. ಇಬ್ಬರು ಹೆಂಡಿರಿದ್ದೂ ಮೂರನೆಯವಳ ಮೇಲೆ ಕಣ್ಣು ಹಾಕುವ ಗಂಡನನ್ನು ನೋಡಿ ನಗು ಬರುವ ಹಾಗೆಯೇ ಕೋಪವೂ ಬರುತ್ತದೆ. ಮಾಲವಿಕೆ ವಿದರ್ಭದ ರಾಜಕುಮಾರಿ ಎಂದು ಗೊತ್ತಾದ ಮೇಲೆ ಧಾರಿಣಿಯೇ ಕೈಯಾರೆ ಅವಳನ್ನು ಗಂಡನಿಗೆ ಒಪ್ಪಿಸುತ್ತಾಳೆ. ಆ ಕೈ ಒಳಗೊಳಗೇ ಎಷ್ಟು ನಡುಗಿರಬೇಡ! ಕೌಶಿಕಿಯೂ ರಾಜನ ಆಟಕ್ಕೆ ಸ್ವಲ್ಪ ಒತ್ತಾಸೆಯಾಗಿ ನಿಂತವಳೇ. ಇದನ್ನೆಲ್ಲ ಮುಚ್ಚಿಡದೆ ಆಡಬೇಕು. ಧಾರಿಣಿಯ ಪಾತ್ರ ಮಾಡುವವಳು ಆ ಕೊನೆಯ ಸೀನಿನಲ್ಲಿ ಒಂದು ಗಳಿಗೆ ಸುಮ್ಮನೆ ನಿಂತರೂ ಸಾಕು, ಎದುರು ಕೂತ ಹೆಂಗಸರಿಗೆ ಅರ್ಥವಾಗುತ್ತದೆ.

‘ಇದೆಲ್ಲ ಓದಿದವರ ನಾಟಕ, ನಮ್ಮ ಹಳ್ಳಿಗೆ ಎಲ್ಲಿ ಹೊಂದುತ್ತೆ?’ ಎನ್ನಬೇಡಿ. ಈ ನಾಟಕದ ಜಾಡಿನಲ್ಲೇ ಮುಂದೆ ಶ್ರೀಹರ್ಷ ‘ರತ್ನಾವಳಿ’ ಬರೆದ. ಆ ರತ್ನಾವಳಿಯನ್ನು ನಮ್ಮ ಮೈಸೂರಿನ ಚಿಕ್ಕದೇವರಾಜ ಒಡೆಯರ (1673-1704) ಆಸ್ಥಾನದ ಸಿಂಗರಾರ್ಯ ಕನ್ನಡಕ್ಕೆ ಹೊಂದಿಸಿ, ಶ್ರೀಕೃಷ್ಣನನ್ನು ನಾಯಕನನ್ನಾಗಿ ಮಾಡಿ ‘ಮಿತ್ರವಿಂದಾ ಗೋವಿಂದ’ ಬರೆದ. ನಮಗೆ ಸಿಕ್ಕಿರುವ ಕನ್ನಡ ನಾಟಕಗಳಲ್ಲಿ ಮೊಟ್ಟಮೊದಲನೆಯದು ಅದೇ. ಎಂದಮೇಲೆ ಈ ನಗೆಯ ಮನೆತನ ನಮಗೆ ಹೊಸದೂ ಅಲ್ಲ, ದೂರದ್ದೂ ಅಲ್ಲ.

ಇನ್ನು ಆಡುವವರು ಯಾರು? ಮೈಸೂರಿನಲ್ಲಿ ಹುಟ್ಟಿದ ಆರ್. ನಾಗರತ್ನಮ್ಮನವರ ಹೆಸರು ಕೇಳಿದ್ದೀರಲ್ಲ? 1958ರಲ್ಲಿ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದ ಆ ತಾಯಿ, ಎಲ್ಲ ಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿದರು. ತಾವೇ ಮೀಸೆ ಹಚ್ಚಿ ಕಂಸನಾಗಿ, ಭೀಮನಾಗಿ ಗರ್ಜಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಹೆಂಗಸರು ನಾಟಕಕ್ಕೆ ಹೋಗುವುದೇ ತಪ್ಪು ಎನ್ನುತ್ತಿದ್ದ ಕಾಲದಲ್ಲಿ ಅವರು ಕಂಸನ ಗದೆ ಹಿಡಿದರು. ಈಗ ನಮ್ಮ ಸಂಘಗಳ ಹೆಂಗಸರು ಲೆಕ್ಕ ಬರೆಯುತ್ತಾರೆ, ಬ್ಯಾಂಕಿಗೆ ಹೋಗುತ್ತಾರೆ, ನಾಲ್ಕು ಜನರ ಮುಂದೆ ಮಾತಾಡುತ್ತಾರೆ. ಒಂದು ಗಂಟೆಯ ನಾಟಕ ಆಡಲಾರರೇ?

ನಾನು ಹೇಳುವುದು ಇಷ್ಟೆ. ಮುಂದಿನ ಬೇಸಿಗೆಗೆ ನಿಮ್ಮೂರಿನಲ್ಲಿ ನಾಟಕದ ಮಾತು ಎದ್ದಾಗ, ಚಂದಾ ಪಟ್ಟಿ ಹಿಡಿದು ಮನೆಗೆ ಬಂದ ಹುಡುಗರನ್ನು ಕೇಳಿ: ‘ಯಾವ ನಾಟಕಪ್ಪ? ಅದರಲ್ಲಿ ನಗೆಗೆ ಸಿಕ್ಕೋರು ಯಾರು?’ ಚಂದಾ ಕೊಡುವವರಿಗೆ ಅಷ್ಟು ಕೇಳುವ ಹಕ್ಕಿಲ್ಲವೇ? ಮಾಲವಿಕಾಗ್ನಿಮಿತ್ರಕ್ಕೆ ಕನ್ನಡ ಅನುವಾದಗಳಿವೆ. ಲೈಬ್ರರಿಯಲ್ಲಿ ವಿಚಾರಿಸಿ, ಇಲ್ಲವೇ ಕಾಲೇಜಿನ ಕನ್ನಡ ಮೇಷ್ಟ್ರನ್ನು ಕೇಳಿ. ಪೂರ್ತಿ ಆಗದಿದ್ದರೆ ಮೇಷ್ಟ್ರ ಜಗಳದ ಭಾಗ, ಹಾವಿನ ಭಾಗ ಎರಡನ್ನೇ ಆರಿಸಿಕೊಂಡು ನಮ್ಮ ಮಾತಿಗೆ ಇಳಿಸಿಕೊಳ್ಳಿ. ಅರಮನೆಯ ಸೀನು ಹೇಗೂ ಬಾಡಿಗೆಗೆ ಸಿಗುತ್ತದೆ. ಕೌಶಿಕಿಗೆ ಒಂದು ಕಾವಿ ಸೀರೆ ಸಾಕು. ಆ ಪಾತ್ರಕ್ಕೆ ನಿಮ್ಮೂರಿನ ಓದುವ ಹುಡುಗಿಯನ್ನೇ ಕೇಳಿ.

ಕಾಳಿದಾಸನ ಬೆರಳಿನ ಸೀನನ್ನು ಬಿಟ್ಟುಬಿಡಿ ಅಂತಲೂ ನಾನು ಹೇಳೋದಿಲ್ಲ. ಅದು ಬಂದರೆ ನಾನೂ ನಗುವವಳೇ. ಆದರೆ ನಕ್ಕು ಮನೆಗೆ ಬಂದ ಮೇಲೆ, ಮಾರನೆಯ ದಿನ ಕಾಫಿ ಕುಡಿಯುವಾಗ ನಿಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳಿ: ‘ಆ ವಿದ್ಯಾಧರೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಕಣೆ, ಮೋಸ ಮಾಡಿದವರದ್ದು ತಪ್ಪು.’ ಮಗಳು ಡಿಗ್ರಿ ಮುಗಿಸಲಿ. ಗಂಡು ಹುಡುಕುವುದು ಇದ್ದೇ ಇದೆ, ಆಮೇಲೂ ಹುಡುಕಬಹುದು.

ಅಂದ ಹಾಗೆ, ರಾತ್ರಿಯಿಡೀ ನಾಟಕ ನೋಡುವವರು ಮಕ್ಕಳಿಗೆ ಬೆಚ್ಚಗೆ ಹೊದಿಸಲು ಮರೆಯಬೇಡಿ. ಬೇಸಿಗೆಯಾದರೂ ಬೆಳಗಿನ ಜಾವ ನಮ್ಮ ಕಡೆ ಕುಳಿರ್ಗಾಳಿ. ಪುರಿಗೆ ಈರುಳ್ಳಿ, ಕಾಯಿತುರಿ ಮನೆಯಲ್ಲೇ ಬೆರೆಸಿ ಒಯ್ದರೆ ನಡುರಾತ್ರಿಯ ಹೊತ್ತಿಗೆ ಮೆತ್ತಗಾಗುತ್ತದೆ. ಬೇರೆಬೇರೆಯಾಗಿ ಕಟ್ಟಿಕೊಂಡು ಹೋಗಿ ಅಲ್ಲೇ ಕಲಸಿ. ನಿಮ್ಮೂರಿನ ನಾಟಕದಲ್ಲಿ ಈ ಸಲ ಯಾರನ್ನು ನೋಡಿ ನಕ್ಕಿರಿ, ನನಗೆ ಬರೆದು ತಿಳಿಸಿ.